ಕಲ್ಲಿನಡಿಯ ತೋಳ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಆ ಲೆಕ್ಕದಲ್ಲಿ ನಮ್ಮ ದೊಡ್ಡಮ್ಮನ ಬಗ್ಗೆ ಒಂದು ಸಾಲು ಬರೆಯುವುದೂ ಕಷ್ಟ. ಜಿಪುಣಿ, ಬಾಯಿಬಡುಕಿ, ಬೇಕಾದಾಗ ಮುಖ ನೋಡಿಕೊಂಡೇ ಸುಳ್ಳು ಹೇಳುವವಳು. ಹೋದ ತಿಂಗಳು ತೀರಿಕೊಂಡಳಂತೆ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಸುದ್ದಿ ತಂದವಳು ನನ್ನ ಹಳೆಯ ಸಹೋದ್ಯೋಗಿ. "ಸಾಮಾನ್ಯದ ಹೆಂಗಸಲ್ಲ ಕಣ್ರೀ ಆಕೆ, ಮೈಮೇಲೆ ಸಾಕ್ಷಾತ್ ಅಮ್ಮನೋರು ಬಂದಿದ್ರು" ಎಂದು ಕೈಮುಗಿದಳು. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ. ಆ ಅಮ್ಮನೋರು ಎಲ್ಲಿಂದ ಬಂದಿದ್ದರು ಎಂದು ಗೊತ್ತಿದ್ದವರು ನಾವು ಮೂರೇ ಜನ, ನಾನು, ನಮ್ಮೆಜಮಾನರು, ದೊಡ್ಡಮ್ಮ.

ದೊಡ್ಡಮ್ಮ ನನಗೆ ನೆಂಟಳಲ್ಲ, ಮನೆ ಮಾಲೀಕಳು. ಎಪ್ಪತ್ತರ ದಶಕದ ಕೊನೆಯಲ್ಲಿ ನಾವಿಬ್ಬರೂ ಕೆಲಸಕ್ಕೆಂದು ಪೀಣ್ಯಕ್ಕೆ ಬಂದಾಗ ರಾಜಗೋಪಾಲನಗರದ ಹಿಂದಿನ ಒಂದು ಹಳ್ಳಿಯಲ್ಲಿ ಆಕೆಯ ಹಿತ್ತಲಿನ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಅವರಿಗೆ ಲೇತ್ ಕೆಲಸ, ನನಗೆ ಟ್ರಾನ್ಸ್‌ಫಾರ್ಮರ್ ಫ್ಯಾಕ್ಟರಿಯಲ್ಲಿ ಕಾಯಿಲ್ ಸುತ್ತುವ ಕೆಲಸ. ಊರಿನ ಹೊಲಗಳೆಲ್ಲ ಆಗಲೇ ಕೈಗಾರಿಕೆಗೆ ಹೋಗಿದ್ದವು. ಅರ್ಧದಲ್ಲಿ ಶೆಡ್ಡುಗಳು ಎದ್ದಿದ್ದವು, ಇನ್ನರ್ಧ ಗಡಿಕಲ್ಲು ನೆಟ್ಟ ಖಾಲಿ ಸೈಟುಗಳಾಗಿ ಲಂಟಾನ ಬೆಳೆದುಕೊಂಡಿದ್ದವು. ಮೊದಲ ದಿನ ನಾನು ಮರ್ಯಾದೆಗೆಂದು "ನಿಮ್ಮದು ಊಟ ಆಯ್ತಾ" ಎಂದು ಕೇಳಿದ್ದಕ್ಕೆ ಆಕೆ ತಿರುಗಿ ಬೆನ್ನ ಹಿಂದೆ ನೋಡಿದಳು. "ನನ್ ಜೊತೆಗೆ ಇನ್ಯಾರವ್ವ ಬಂದವ್ರೆ?" ಅಂದಳು. ಅಂದಿನಿಂದ ಏಕವಚನವೇ.

ಐವತ್ತು ದಾಟಿದ ಗಟ್ಟಿ ಆಳು. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬಕೀಟು, ಕೋಳಿ, ಫ್ಯಾಕ್ಟರಿಯ ಸೈರನ್ನು, ಬಾಡಿಗೆಯವರು, ಎಲ್ಲರಿಗೂ ಒಂದೇ ಬಾಯಲ್ಲಿ ಬೈಗುಳ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ನಾಚಿಕೆಯೇ ಇಲ್ಲ. "ನಿಜ ಕೆಲ್ಸಕ್ ಬರೋ ತಾವ ನಿಜ ಆಡ್ಬೇಕು. ಇಲ್ದಿದ್ ತಾವ ಕೆಲ್ಸಕ್ ಬರೋದ್ ಆಡ್ಬೇಕು" ಅನ್ನುತ್ತಿದ್ದಳು. ನಮ್ಮೆಜಮಾನರಿಗೆ ಇದು ಬಹಳ ಹಿಡಿಸಿ, ಓವರ್‌ಟೈಮಿನ ವಿಷಯದಲ್ಲಿ ನನ್ನ ಮೇಲೆಯೇ ಪ್ರಯೋಗಿಸತೊಡಗಿದರು.

ಹೊಲ ಹೋದ ಮೇಲೆ ಆಕೆಗೆ ಉಳಿದದ್ದು ಒಂದಿಷ್ಟು ಕುರಿ. ಖಾಲಿ ಸೈಟುಗಳಲ್ಲಿ ಮೇಯಿಸಿ, ಹೊತ್ತು ಇಳಿಯುವಾಗ ಹಟ್ಟಿಗೆ ಹೊಡೆದುಕೊಂಡು ಬರುತ್ತಿದ್ದಳು. ಬಾಗಿಲಲ್ಲಿ ನಿಂತು ಒಂದೊಂದರ ಬೆನ್ನೂ ಅಂಗೈಯಿಂದ ಮುಟ್ಟಿ ಎಣಿಸುವಳು. ಕಡೆಯದೊಂದನ್ನು ಮಾತ್ರ ಮುಟ್ಟದೆ ಒಳಗೆ ಬಿಡುವಳು. ಮರೆತಳೇನೋ ಎಂದು ನಾನು ಒಮ್ಮೆ ನೆನಪಿಸಿದೆ. "ಅದು ಲೆಕ್ಕಕ್ಕಿಲ್ಲ. ಅವ್ನ ಪಾಲು" ಅಂದಳು. ಯಾರ ಪಾಲು ಎಂದರೆ ಗೋಮಾಳದ ಕಡೆ ಗದ್ದ ಎತ್ತಿ ತೋರಿಸಿದಳು. ಆಕೆಯ ತವರು ಕುರಿ ಸಾಕುವ ಮನೆ. ಅಲ್ಲಿಯ ಪದ್ಧತಿ ಅದು. ಎಣಿಸದೆ ಬಿಟ್ಟ ಒಂದು ಕುರಿ ತೋಳನದು. ತೋಳ ಬಂದು ಒಯ್ದರೆ ಅತ್ತು ಕರೆಯಬಾರದು, ಕಲ್ಲು ಬೀರಬಾರದು. ನನಗೆ ನಗು ಬಂತು. ನಾನು ತೋಳವನ್ನು ಕಂಡದ್ದು ಪ್ರೈಮರಿ ಶಾಲೆಯ ಕತೆಗಳಲ್ಲಿ. ಅಲ್ಲಿ ಅದಕ್ಕೆ ಯಾರೂ ಒಂದು ಒಳ್ಳೆಯ ಕೆಲಸ ಕೊಟ್ಟಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೊದಲ ಪಾಳಿಗೆ ಹೊರಟಿದ್ದೆ. ಸೈಟುಗಳ ನಡುವಿನ ಕಾಲುದಾರಿಯಲ್ಲಿ ಎದುರಿಗೆ ಒಂದು ನಾಯಿ ಬಂತು. ನಾಯಿ ಅಂದುಕೊಂಡೆ. ಆದರೆ ಕಾಲು ಉದ್ದ, ಮೈ ಒಣಹುಲ್ಲಿನ ಬಣ್ಣ, ಬಾಲ ಇಳಿಬಿದ್ದಿತ್ತು. ಬೊಗಳಲಿಲ್ಲ, ಹಲ್ಲು ತೋರಿಸಲಿಲ್ಲ. ನನಗೇ ದಾರಿ ಬಿಟ್ಟು ಪೊದೆಯೊಳಗೆ ಹೋಯಿತು. ಸಂಜೆ ದೊಡ್ಡಮ್ಮನಿಗೆ ಹೇಳಿದೆ. ರಾಗಿ ಕೇರುತ್ತಿದ್ದವಳು ಕೇಳಿದ್ದು ಒಂದೇ ಮಾತು.

"ಮೊಲೆ ಜೋತಿದ್ವಾ?"

ಇದೆಂಥ ಪ್ರಶ್ನೆ ಎಂದು ನನಗೆ ಇರುಸುಮುರುಸಾಯಿತು. ಜೋತಿದ್ದವು ಅಂದೆ. ಆಕೆ ಮೊರ ಕೆಳಗಿಟ್ಟಳು. "ಅಂಗಾದ್ರೆ ಗುಂಡಿನ್ ಕೆಳ್ಗೆ ಮರಿ ಅವೆ. ಬಾಯಿ ಬಿಟ್ಟೀಯೆ, ಜೋಕೆ."

ಗುಂಡು ಅಂದರೆ ಗೋಮಾಳದಲ್ಲಿ ಒಂದಕ್ಕೊಂದು ಒರಗಿ ನಿಂತ ಎರಡು ಹೆಬ್ಬಂಡೆಗಳು. ಅಡಿಯಲ್ಲಿ ಒಬ್ಬರು ತೆವಳಿ ಹೋಗಬಹುದಾದಷ್ಟು ಸಂದು. ನನ್ನ ವಾರದ ರಜೆಯಲ್ಲಿ ಸೌದೆ ಆಯುವವರ ಹಾಗೆ ಇಬ್ಬರೂ ಹೋಗಿ, ದೂರದ ನೀಲಗಿರಿ ತೋಪಿನಲ್ಲಿ ಕೂತೆವು. ಬಹಳ ಹೊತ್ತಾದ ಮೇಲೆ ಸಂದಿನಿಂದ ಕಂಬಳಿಯ ಚೂರುಗಳಂಥ ನಾಲ್ಕು ಮರಿ ಹೊರಬಂದು ಒಂದರ ಮೇಲೊಂದು ಉರುಳಾಡಿದವು. ದೊಡ್ಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಆಕೆ ಸದ್ದಿಲ್ಲದೆ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. "ಯುಗಾದಿ ದಾಟುದ್ರೆ ಸಾಕು ಕಣಮ್ಮಿ. ಕಾಲು ಬಲೀತವೆ. ತಾಯಿ ಕರ್ಕೊಂಡು ನೆಲಮಂಗಲದಾಚೆ ಕಾಡ್ಗೆ ಒಂಟೋಯ್ತಾಳೆ." ಹಿಂತಿರುಗುವಾಗ ದಾರಿಯುದ್ದಕ್ಕೂ ಯುಗಾದಿ ಎಷ್ಟು ದೂರ ಎಂದು ಬೆರಳು ಮಡಿಸುತ್ತಲೇ ಇದ್ದಳು.

ಊರಿಗೆ ಆ ವರ್ಷ ತೋಳದ ಮೇಲೆ ವಿಪರೀತ ಸಿಟ್ಟು. ಫ್ಯಾಕ್ಟರಿ ಕ್ಯಾಂಟೀನುಗಳ ಎಂಜಲು ತಿಂದು ಬೀದಿನಾಯಿಗಳು ಹಿಂಡುಗಟ್ಟಿದ್ದವು. ಕೋಳಿ ಹೋಯಿತು, ಮೇಕೆ ಹೋಯಿತು, ಒಂದು ಮಗುವಿನ ತೊಡೆಗೆ ಬಾಯಿ ಬಿತ್ತು. ಎಲ್ಲಕ್ಕೂ ಊರಿನ ಬಾಯಲ್ಲಿ ತೋಳ. ದೊಡ್ಡಮ್ಮ ಎಲ್ಲದಕ್ಕೂ "ನಾಯಿ" ಎಂದು ವಾದಿಸುತ್ತಿದ್ದಳು. ಆದರೆ ಎಲ್ಲವೂ ನಾಯಿಯಲ್ಲ, ಅದನ್ನೂ ಹೇಳಬೇಕು. ಒಂದು ಬೆಳಿಗ್ಗೆ ಆಕೆಯದೇ ಕುರಿಯೊಂದು ಹಟ್ಟಿಯ ಹಿಂದೆ ಬಿದ್ದಿತ್ತು. ಕುತ್ತಿಗೆಯಲ್ಲಿ ಅಚ್ಚುಕಟ್ಟಾದ ಒಂದೇ ಹಿಡಿತ. ಹಾಗೆ ಕೊಲ್ಲುವುದು ತೋಳವೇ ಎಂದು ಆಕೆಯೇ ನನಗೆ ಹೇಳಿಕೊಟ್ಟಿದ್ದಳು. ಊರಲ್ಲೇ ಇದ್ದ ಆಕೆಯ ಮೈದುನ ನೋಡಲು ಬರುವಷ್ಟರಲ್ಲಿ ಅದನ್ನು ಹೂತು, ಮೇಲೆ ಗೊಬ್ಬರ ಎಳೆದು, "ನಾಯಿ ಕಣಪ್ಪ, ನಾನೇ ಕಣ್ಣಾರೆ ಕಂಡೆ" ಅಂದಳು. ರೆಪ್ಪೆಯೂ ಬಡಿಯಲಿಲ್ಲ.

ನನ್ನ ಓದಿನ ಜಂಬದಲ್ಲಿ ನಾನೊಂದು ಉಪಾಯ ಮಾಡಿದೆ. ಸರ್ಕಾರದಲ್ಲಿ ಇದಕ್ಕೆ ಕಾನೂನಿದೆ ಎಂದು ಆಕೆಯನ್ನು ಬಸ್ಸು ಹತ್ತಿಸಿ ಪೇಟೆಯ ಅರಣ್ಯ ಇಲಾಖೆಯ ಕಚೇರಿಗೆ ಕರೆದುಕೊಂಡು ಹೋದೆ. ಮೇಜಿನ ಹಿಂದಿದ್ದವರು ಸಜ್ಜನರೇ. ತೋಳ ಕೊಲ್ಲುವುದು ಅಪರಾಧ ಎಂದು ಒಪ್ಪಿಕೊಂಡರು. "ಆದ್ರೆ ಪೀಣ್ಯದಲ್ಲಿ ತೋಳ ಎಲ್ಲಿದೆ ಮೇಡಂ? ಅದು ಇಂಡಸ್ಟ್ರಿಯಲ್ ಏರಿಯಾ" ಅಂದರು. ಇಲ್ಲದ ತೋಳವನ್ನು ಯಾರೂ ಕೊಲ್ಲಲಾರರು, ಹಾಗಾಗಿ ಅಪರಾಧವೂ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮ, "ಇಷ್ಟ್ ಓದಿದ್ರೆ ಸುಳ್ಳನ್ನೂ ನಿಜದಂಗೆ ಆಡ್ಬೋದು ನೋಡು" ಎಂದು ಆ ಮನುಷ್ಯನನ್ನು ಮೆಚ್ಚಿಕೊಂಡಳು.

ಒಂದು ಮಧ್ಯಾಹ್ನ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದೆವು. ನಿನಗೆ ತೋಳದ ಮೇಲೆ ಯಾಕೆ ಇಷ್ಟು ಅಕ್ಕರೆ, ನಿನ್ನ ಹೊಲ ಹೋದ ಹಾಗೆ ಅದರ ಕಾಡೂ ಹೋಯಿತು ಅಂತಲೇ, ಎಂದು ಕೇಳಿದೆ. "ಅಂಗೇನಿಲ್ಲ. ಹೊಲಕ್ಕೂ ತೋಳಕ್ಕೂ ಏನ್ ಸಂಬಂದ" ಎಂದು ಬೈದಳು. ಆಮೇಲೆ ತಾನೇ ಹೇಳಿದಳು.

ಆಕೆ ಚಿಕ್ಕವಳಿದ್ದಾಗ ಒಂದು ವರ್ಷ ಕುರಿಗೆಲ್ಲ ರೋಗ ಬಂದು ಮನೆಯಲ್ಲಿ ಕಾಳಿರಲಿಲ್ಲ. ಆಗ ಅಪ್ಪ ಪದ್ಧತಿ ಮೀರಿ ತೋಳದ ಗವಿಗೆ ಇಳಿದು ಮರಿಗಳನ್ನು ಎತ್ತಿ ತಂದ. ತೋಳದ ಮರಿ ಹಿಡಿದವರು ಅವನ್ನು ಬುಟ್ಟಿಯಲ್ಲಿಟ್ಟು ಊರೂರಿಗೆ ತೋರಿಸಿದರೆ ಕುರಿ ಇದ್ದ ಮನೆಯವರೆಲ್ಲ ಸಂತೋಷಕ್ಕೆ ರಾಗಿ ಹಾಕುತ್ತಿದ್ದರು. "ಬುಟ್ಟಿ ನನ್ ತಲೆ ಮ್ಯಾಲೆ. ಅಪ್ಪ ಮುಂದೆ. ಆ ಮರಿಗಳ ತಾಯಿ ಬದೀನಾಗೆ ಬತ್ತಾ ಇದ್ಲು, ಹೊಲದ ಬದೀನಾಗೆ, ದೂರ್ದಲ್ಲಿ. ಮೂರೂರು ಬಂದ್ಲು ಕಣಮ್ಮಿ. ಕೂಗ್ಲಿಲ್ಲ, ಮೇಲೆ ಬೀಳ್ಲಿಲ್ಲ. ಬುಟ್ಟೀನೇ ನೋಡ್ಕೊಂಡ್ ಬಂದ್ಲು." ಮರಿಗಳು ಸತ್ತ ಮೇಲೂ ಅಪ್ಪ ವಾಸನೆ ಬರುವವರೆಗೆ ತೋರಿಸಿದನಂತೆ. "ಆ ರಾಗಿ ಮುದ್ದೆ ನಾನೂ ಉಂಡೆ. ಹೊಟ್ಟೆ ತುಂಬಾ ಉಂಡೆ." ಬೀಜ ಬಿಡಿಸುವ ಕೈ ನಿಲ್ಲಲಿಲ್ಲ. ನಾನು ಮತ್ತೆ ಯಾವತ್ತೂ ಆ ಪ್ರಶ್ನೆ ಕೇಳಲಿಲ್ಲ.

ಗುಂಡಿನ ಅಡಿಯಲ್ಲಿ ಮರಿಗಳಿರುವುದು ಊರಿಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಊರಿನ ಯಜಮಾನಿಕೆ ದೊಡ್ಡಮ್ಮನ ಮೈದುನನದೇ. ಮೆಲುದನಿಯ, ದೈವಭಕ್ತ ಮನುಷ್ಯ. ಆತನ ಸೊಸೆ ಚೊಚ್ಚಲ ಬಸುರಿ. ಮನೆಗೆ ಮಗು ಬರುವ ಹೊತ್ತಿನಲ್ಲಿ ಊರಂಚಿಗೆ ತೋಳದ ಸಂಸಾರ ಬೇಡ ಎಂದು ಆತ ನಿಶ್ಚಯಿಸಿದ. ಬರುವ ಭಾನುವಾರ ಸಂದಿಗೆ ಹುಲ್ಲು ತುರುಕಿ, ಮೆಣಸಿನಕಾಯಿ ಹಾಕಿ ಹೊಗೆ ಕೊಡುವುದು, ಹೊರಬಂದದ್ದನ್ನು ಬಡಿಯುವುದು ಎಂದು ತೀರ್ಮಾನವಾಯಿತು. ದೊಡ್ಡಮ್ಮ ಬೈದಳು, ಬೇಡಿದಳು, ಮೂರು ಹೊತ್ತು ಮೈದುನನ ಮನೆ ಬಾಗಿಲಲ್ಲಿ ಕೂತಳು. ಯಾವುದೂ ನಡೆಯಲಿಲ್ಲ.

ಅದರ ಹಿಂದಿನ ಮಂಗಳವಾರ ಮಾರಮ್ಮನ ಗುಡಿಯಲ್ಲಿ ಪೂಜೆ. ನಾನೂ ಹೋಗಿದ್ದೆ. ಮೈಮೇಲೆ ದೇವರು ಬರುವ ಹೆಂಗಸರನ್ನು ದೊಡ್ಡಮ್ಮ ಯಾವಾಗಲೂ ಅಣಕಿಸುತ್ತಿದ್ದವಳು. ಮಂಗಳಾರತಿಯ ಹೊತ್ತಿಗೆ ಇದ್ದಕ್ಕಿದ್ದಂತೆ ಆಕೆಯ ತುರುಬು ಬಿಚ್ಚಿತು. ಮೈ ನಡುಗಿತು. ಗಂಟಲಿನ ತಳದಿಂದ ಬೇರೆಯದೇ ಒಂದು ದನಿ ಬಂತು. "ಗುಂಡು ನನ್ ಮನೆ ಕಣ್ರೋ. ಅದ್ರಡೀಲಿ ನನ್ ನಾಯಿ ಮಲಗೈತೆ. ಗುಂಡಿನ್ ತಾವ ಕಲ್ಲು ಕದಲ್ಸಿದೋರು, ಹಾರೆ ಹಾಕ್ದೋರು, ಹೊಗೆ ಇಟ್ಟೋರು, ಅವ್ರ ಮನೆ ತೊಟ್ಲು ಬರಿದಾಗ್ತದೆ." ಮೈದುನ ಕರ್ಪೂರದ ತಟ್ಟೆ ಹಿಡಿದಿದ್ದವನು ಅಲ್ಲೇ ಮಂಡಿಯೂರಿದ.

ಹೊಗೆಯ ಮಾತು ಅಲ್ಲಿಗೆ ನಿಂತಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ನಾನೂ ನಮ್ಮೆಜಮಾನರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ದೊಡ್ಡಮ್ಮ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ, "ನಗ್ಬೇಡ್ರಿ, ಗಂಟ್ಲು ಕಿತ್ತೋಗೈತೆ" ಅಂದಳು. ಗೆದ್ದೆವು ಅಂದುಕೊಂಡೆವು.

ಮುಂದಿನ ಮಂಗಳವಾರ ಹೆಂಗಸರು ನಾಲ್ಕು ಜನ ಅರಿಶಿನ ಕುಂಕುಮ ಹಿಡಿದು ಗುಂಡಿಗೆ ಹೋದರು. ದೇವಿಯ ಮನೆ ಎಂದ ಮೇಲೆ ಪೂಜೆ ಇಲ್ಲದೆ ಬಿಡುತ್ತಾರೆಯೇ? ಅದರ ಮುಂದಿನ ವಾರ ಊರಿಗೆ ಊರೇ ಹೋಯಿತು. ಆಮೇಲೆ ಪೀಣ್ಯಕ್ಕೆ ಸುದ್ದಿ ಹಬ್ಬಿತು. ಕೆಲಸ ಪರ್ಮನೆಂಟ್ ಆಗಲೆಂದು ಹರಕೆ, ಲಾಕೌಟ್ ತೆಗೆಯಲೆಂದು ಹರಕೆ. ಲಂಟಾನ ಕಡಿದು ದಾರಿ ಮಾಡಿದರು. ಕೋಳಿ ಕೊಯ್ದರು. ಯಾರೋ ಮೈಕು ತಂದರು. ನನ್ನ ಸೆಕ್ಷನ್ನಿನವರೇ ಊಟದ ಬಿಡುವಿನಲ್ಲಿ ಹೋಗಿ ಕಾಯಿ ಒಡೆದು ಬಂದು ನನಗೆ ಪ್ರಸಾದ ಕೊಟ್ಟರು. ತಾಯಿತೋಳಕ್ಕೆ ಹಗಲಲ್ಲಿ ಮರಿಗಳ ಹತ್ತಿರ ಸುಳಿಯಲು ಆಗದೆ ಹೋಯಿತು.

ದೊಡ್ಡಮ್ಮ ಇನ್ನೊಮ್ಮೆ ದೇವರನ್ನು ಬರಿಸಿಕೊಂಡಳು. ಈ ಸಲ ಗುಂಡಿನ ಎದುರೇ. "ಯಾರೂ ಬರ್ಬ್ಯಾಡ್ರಿ. ನನ್ನ ನನ್ ಪಾಡ್ಗೆ ಬಿಡ್ರಿ. ನನ್ಗೆ ಈ ಸಡಗರ ಬ್ಯಾಡ" ಎಂದು ಹೂಂಕರಿಸಿದಳು. ಜನ ಬೆಚ್ಚಿದರು. ಮೈದುನ ಕೈಜೋಡಿಸಿ, "ತಾಯಿ, ನಮ್ದು ತಪ್ಪಾಯ್ತು. ನಿನ್ನ ಬಯಲಲ್ಲಿ ಕೂರ್ಸಿದೀವಿ. ನಿಂಗೊಂದ್ ನೆಲೆ ಮಾಡ್ಕೊಡ್ತೀವಿ" ಅಂದ. ಬೇಡ ಎಂದು ಕೂಗಿದಷ್ಟೂ ದೇವಿಯ ಮುನಿಸು ದೊಡ್ಡದು ಎಂದು ಎಲ್ಲರಿಗೂ ಖಾತ್ರಿಯಾಯಿತು. ಗಾರೆಯವರು ಬಂದರು. ಗುಂಡಿನ ಮುಂದೆ ಕಟ್ಟೆ ಏಳತೊಡಗಿತು.

ತಾಯಿತೋಳ ಅರ್ಥ ಮಾಡಿಕೊಂಡಿತ್ತು. ಕೆಲಸದವರು ಮನೆಗೆ ಹೋದ ಹೊತ್ತು ನೋಡಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗಿ, ನಮ್ಮ ಫ್ಯಾಕ್ಟರಿಯ ಪಕ್ಕದ ಸೈಟಿನಲ್ಲಿ ಚರಂಡಿಗೆಂದು ಪೇರಿಸಿದ್ದ ಸಿಮೆಂಟ್ ಪೈಪುಗಳೊಳಗೆ ಇಟ್ಟಿತು. ಅಲ್ಲಿ ಸಿಕ್ಕಿಬಿತ್ತು. ಊಟದ ಬಿಡುವಿನಲ್ಲಿ ಗಲಾಟೆ ಕೇಳಿ ನಾವು ಹೊರಗೆ ಓಡಿದೆವು. ಪೈಪಿನ ಒಂದು ಬಾಯಿಗೆ ತಗಡು ಅಡ್ಡ ಹಿಡಿದಿದ್ದರು, ಇನ್ನೊಂದು ಬಾಯಲ್ಲಿ ಜನ. 'ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು' ಎಂಬ ಗಾದೆಯನ್ನು ವಿಸ್ತರಿಸಿ ಬರೆದು ಶಾಲೆಯಲ್ಲಿ ಭೇಷ್ ಅನ್ನಿಸಿಕೊಂಡವಳು ನಾನು. ಅದು ಯಾರೋ ಕಣ್ಣಿಂದ ನೋಡಿ ಹೇಳಿದ ಮಾತು ಎಂದು ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ.

ದೊಡ್ಡಮ್ಮ ಕುರಿ ಬಿಟ್ಟು ಓಡಿ ಬಂದಳು. "ಅಮ್ಮನ್ ನಾಯಿ ಕಣ್ರೋ ಅದು, ಕೈ ಬಿದ್ದೋಗ್ತವೆ" ಎಂದು ಕಿರುಚಿದಳು. ಕಲ್ಲು ಹಿಡಿದವರು ಒಂದು ಕ್ಷಣ ತಡೆದು ಮೈದುನನ ಮುಖ ನೋಡಿದರು. ಆತ ಯೋಚಿಸಿಯೇ ಹೇಳಿದ. "ಗುಂಡಿನ್ ಕೆಳ್ಗಿದ್ರೆ ಅಮ್ಮನ್ ನಾಯಿ ಅತ್ಗೆ. ಪೈಪ್‌ನಾಗಿರೋದು ತೋಳ."

ತಾಯಿಯನ್ನೂ ಮರಿಗಳನ್ನೂ ಎಳೆದು ರಸ್ತೆ ಬದಿಗೆ ಹಾಕಿದರು. ದೊಡ್ಡಮ್ಮ ಕುಕ್ಕರುಗಾಲಲ್ಲಿ ಕೂತು ನೋಡಿದಳು. ನಾಲ್ಕು ಮರಿಗಳಲ್ಲಿ ಮೂರೇ ಇದ್ದವು. ನನ್ನ ಕೈ ಹಿಡಿದು ಎದ್ದವಳು ಗೋಮಾಳದ ಕಡೆ ಓಡಿದಳು. ನಾನು ಫ್ಯಾಕ್ಟರಿಯ ಸೈರನ್ನು ಕೂಗುತ್ತಿದ್ದರೂ ಹಿಂದೆಯೇ ಹೋದೆ.

ಅವತ್ತು ಬೆಳಿಗ್ಗೆಯಷ್ಟೇ ಕಟ್ಟೆಯ ಕೊನೆಯ ಕೆಲಸ ಮುಗಿದಿತ್ತು. ಸಂದಿನ ಬಾಯಿಗೆ ಒಂದು ದೊಡ್ಡ ಚಪ್ಪಡಿ ನಿಲ್ಲಿಸಿ ಗಾರೆ ಹಾಕಿದ್ದರು. ಮೂಲೆಯಲ್ಲಿ ಕೈ ತೂರುವಷ್ಟು ಕಿಂಡಿ ಉಳಿದಿತ್ತು. ಅದರೊಳಗಿನಿಂದ ಕುಂಯ್‌ಗುಡುವ ಸದ್ದು ಬರುತ್ತಿತ್ತು.

ಸಂಜೆಯ ಹೊತ್ತಿಗೆ ಆ ಸದ್ದು ಎಲ್ಲರಿಗೂ ಕೇಳಿಸಿತು. ಅಮ್ಮ ಮಾತಾಡುತ್ತಿದ್ದಾಳೆ ಎಂದು ಊರು ಕುಣಿಯಿತು. ಪಾಳಿ ಮುಗಿಸಿದವರು ಮನೆಗೆ ಹೋಗದೆ ನೇರ ಅಲ್ಲಿಗೆ ಬಂದರು. ತಮಟೆ ಬಂತು, ಭಜನೆ ಹಚ್ಚಿದರು. ಕಿಂಡಿಯ ಮುಂದೆ ಸಾಲುಗಟ್ಟಿ ಹಾಲು ಹೊಯ್ದರು, ಅದು ಮಣ್ಣಿಗೆ ಇಂಗಿತು. ದೊಡ್ಡಮ್ಮ ಕೋಲಿನ ತುದಿಗೆ ಬಟ್ಟೆ ಸುತ್ತಿ ಹಾಲಲ್ಲಿ ಅದ್ದಿ ಒಳಗೆ ಚಾಚುತ್ತಿದ್ದಳು. ಮರಿಯವರೆಗೆ ಮುಟ್ಟುತ್ತಿರಲಿಲ್ಲ. ಮಾರನೆಯ ದಿನ ನಮ್ಮೆಜಮಾನರು ಫ್ಯಾಕ್ಟರಿಯಿಂದ ಹಾರೆ ತಂದರು. ನಾಲ್ಕು ಜನ ಅವರ ಕೈ ಹಿಡಿದುಕೊಂಡರು. ಹೊಡೆಯಲಿಲ್ಲ, ಬೈಯಲಿಲ್ಲ. ಬೇಡ ಅಣ್ಣ, ನಮ್ಮನೇಲಿ ಮಕ್ಕಳವೆ ಎಂದು ಅಂಗಲಾಚಿದರು.

ಆಗ ದೊಡ್ಡಮ್ಮ ಮೈದುನನ ಎದುರು ನಿಂತಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನನ್ ಮ್ಯಾಲೆ ಯಾವ ದೇವ್ರೂ ಬಂದಿರ್ಲಿಲ್ಲ ಕಣಪ್ಪ. ನಾನೇ ಆಡ್ದೆ. ಸುಳ್ಳಾಡ್ದೆ. ಆ ಚಪ್ಪಡಿ ತೆಗ್ಸು."

ಆತ ಎರಡೂ ಕಿವಿ ಮುಚ್ಚಿಕೊಂಡ. "ಅಂಗನ್ಬ್ಯಾಡ ಅತ್ಗೆ. ಸೊಸೆ ದಿನ ತುಂಬ್ಕೊಂಡ್ ಕೂತವ್ಳೆ. ತೊಟ್ಲು ಬರಿದಾಗ್ತದೆ ಅಂತ ನಿನ್ ಬಾಯಲ್ಲೇ ಬಂದೈತೆ. ನಿನ್ ಕಾಲ್ ಇಡೀತೀನಿ." ನಿಜವಾಗಿಯೂ ಕಾಲಿಗೆ ಬಿದ್ದ. ಅಳುತ್ತಿದ್ದ. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲು ಇವತ್ತಿಗೂ ಆಗಿಲ್ಲ. ಆಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ದೊಡ್ಡಮ್ಮ ಅವನ ತಲೆಯನ್ನು ನೋಡುತ್ತ ನಿಂತಳು. ಇಷ್ಟು ದಿನದಲ್ಲಿ ಮೊದಲ ಸಲ ಆಕೆಗೆ ಆಡಲು ನಿಜವೂ ಉಳಿದಿರಲಿಲ್ಲ, ಸುಳ್ಳೂ ಉಳಿದಿರಲಿಲ್ಲ.

ಹೋಗಿ ಕಿಂಡಿಯ ಪಕ್ಕ ಕೂತಳು. ತುರುಬು ಬಿಚ್ಚಿಹೋಗಿತ್ತು. ಅಮ್ಮ ಮೈಮೇಲಿದ್ದಾಳೆ ಎಂದು ಬಂದವರೆಲ್ಲ ಆಕೆಯ ಹಣೆಗೂ ಕುಂಕುಮ ಬಳಿದರು, ಪಾದಕ್ಕೆ ಹೂ ಹಾಕಿದರು. ಆಕೆ ತಡೆಯಲಿಲ್ಲ. ಸದ್ದು ಸಣ್ಣಗಾಗುತ್ತ ಬಂತು. ಜನ ಇನ್ನೂ ಜೋರಾಗಿ ಭಜನೆ ಮಾಡಿದರು.

ಮರುದಿನ ನಾನು ಪಾಳಿ ಮುಗಿಸಿ ಬಂದಾಗ ತಮಟೆ ನಿಂತಿತ್ತು. ತಾಯಿ ಶಾಂತಳಾದಳು, ಇನ್ನು ಊರಿಗೆ ಭಯವಿಲ್ಲ ಎಂದು ಮೈದುನ ಎಲ್ಲರಿಗೂ ಹೆಸರುಬೇಳೆ ಪಾಯಸ ಬಡಿಸುತ್ತಿದ್ದ. ದೊಡ್ಡಮ್ಮ ಚಪ್ಪಡಿಗೆ ಕಿವಿ ಒತ್ತಿ ಕೂತಿದ್ದವಳು ನನ್ನನ್ನು ಕಂಡು ಸೆರಗು ಹಿಡಿದು ಹತ್ತಿರ ಎಳೆದಳು.

"ನಿನ್ ಕಿವಿ ಎಳೇದು ಕಣಮ್ಮಿ. ಕೇಳ್ನೋಡು."

ನಾನು ಮಂಡಿಯೂರಿ ಕಿವಿ ಇಟ್ಟೆ. ಚಪ್ಪಡಿ ಎಣ್ಣೆ, ಕುಂಕುಮದಿಂದ ಜಿಡ್ಡಾಗಿತ್ತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಹಳ ಹೊತ್ತು ಹಾಗೆಯೇ ಇದ್ದೆ.

"ಇಲ್ಲ ದೊಡ್ಡಮ್ಮ" ಅಂದೆ.

"ಇನ್ನೊಂದ್ಕಿತ ಕೇಳು" ಅಂದಳು.